ರಬ್ಬರಿನ ಮಲ್ಲರು

ಮಕ್ಕಳ ಆಟಿಕೆಗಳಲ್ಲಿ ಬಹುಪಾಲು ದೊಡ್ಡವರ ಲೋಕದ ಕಿರುರೂಪಗಳು. ಮರದ ಬಂಡಿ, ತಗಡಿನ ಮೋಟಾರು, ಮಣ್ಣಿನ ಒಲೆ ಇವೆಲ್ಲ ನಿಜವಾದ ವಸ್ತುಗಳ ಅನುಕರಣೆಗಳು. ಅಮೆರಿಕದ ವೃತ್ತಿಕುಸ್ತಿಯ ಗೊಂಬೆಗಳಾದರೋ ಅನುಕರಣೆಯ ಅನುಕರಣೆಗಳು. ಅಲ್ಲಿ ಕಣದಲ್ಲಿ ನಡೆಯುವುದೇ ಕಾಳಗದ ಅಭಿನಯ. ಗೊಂಬೆ ಆ ಅಭಿನಯದ ಪ್ರತಿಬಿಂಬ. ಹೀಗಿದ್ದೂ ಆ ಗೊಂಬೆಗಳೊಡನೆ ಬೆಳೆದ ಒಂದು ತಲೆಮಾರು ಇಂದು ನಡುವಯಸ್ಸಿನಲ್ಲಿ ಅವನ್ನು ಮರಳಿ ಹುಡುಕುತ್ತಿದೆ. ಈ ಹಂಬಲದ ಅರ್ಥವೇನು?

ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದವನು ಸೋತ. ವೃತ್ತಿಕುಸ್ತಿಯಲ್ಲಿ ಸೋಲು ಗೆಲುವುಗಳು ಮೊದಲೇ ನಿಶ್ಚಿತವಾಗಿರುತ್ತವೆ. ಒಬ್ಬನದು ಸಜ್ಜನನ ಪಾತ್ರ, ಇನ್ನೊಬ್ಬನದು ಖಳನ ಪಾತ್ರ. ನಮ್ಮ ಬಯಲಾಟದ ರಾಕ್ಷಸ ಬಣ್ಣ ತೊಳೆದೊಡನೆ ನೆರೆಮನೆಯ ಗೃಹಸ್ಥನಾಗುತ್ತಾನೆ. ಈ ಮಲ್ಲರಿಗೆ ಆ ಸೌಲಭ್ಯವಿರಲಿಲ್ಲ. ಬೀದಿಯಲ್ಲಿಯೂ ವೇಷ ಕಳಚಬಾರದೆಂಬ ಕಟ್ಟುಪಾಡಿತ್ತು. ಅವರ ವೃತ್ತಿಭಾಷೆಯಲ್ಲಿ ಅದಕ್ಕೆ ‘ಕೇಫೇಬ್’ ಎಂದು ಹೆಸರು. ೧೯೮೭ರಲ್ಲಿ ಕಣದ ಕಡುವೈರಿಗಳಾಗಿದ್ದ ಜಿಮ್ ಡಗ್ಗನ್ ಮತ್ತು ಐರನ್ ಶೇಖ್ ಇಬ್ಬರೂ ಒಂದೇ ಕಾರಿನಲ್ಲಿ ಪ್ರಯಾಣಿಸುತ್ತ ಪೊಲೀಸರಿಗೆ ಸಿಕ್ಕಿದರು. ಅವರ ಬಳಿ ಮಾದಕ ವಸ್ತು ದೊರೆತುದು ಎಷ್ಟು ಸುದ್ದಿಯಾಯಿತೋ, ವೈರಿಗಳು ಜೊತೆಗೂಡಿ ಹೊರಟಿದ್ದುದೂ ಅಷ್ಟೇ ಸುದ್ದಿಯಾಯಿತು. ೧೯೮೯ರಲ್ಲಿ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಸಂಸ್ಥೆಯೇ ನ್ಯೂಜೆರ್ಸಿಯ ಶಾಸಕರ ಮುಂದೆ ತನ್ನದು ಮನರಂಜನೆಯೆಂದು ಒಪ್ಪಿಕೊಂಡಿತು. ಕ್ರೀಡೆಯೆನಿಸಿಕೊಂಡರೆ ಸರಕಾರದ ಮೇಲ್ವಿಚಾರಣೆಗೆ ಒಳಪಡಬೇಕಾಗಿತ್ತು!

ಗೊಂಬೆಗಳ ಸುಗ್ಗಿ ಈ ಕಾಲದ್ದೇ. ೧೯೮೪ರಲ್ಲಿ ಎಲ್‌ಜೆಎನ್ ಎಂಬ ಕಂಪನಿ ಸುಮಾರು ಎಂಟು ಅಂಗುಲ ಎತ್ತರದ ಗಟ್ಟಿ ರಬ್ಬರಿನ ಮಲ್ಲರನ್ನು ಮಾರುಕಟ್ಟೆಗೆ ತಂದಿತು. ಅವುಗಳ ಕೈಕಾಲು ಮಡಿಸುವಂತಿರಲಿಲ್ಲ. ಒಂದಕ್ಕೊಂದು ಬಡಿದಂತೆ ಮೂಗಿನ, ಮೊಣಕೈಯ ಬಣ್ಣ ಕಿತ್ತುಬರುತ್ತಿತ್ತು. ೧೯೯೦ರಿಂದ ೧೯೯೪ರ ತನಕ ಹ್ಯಾಸ್‌ಬ್ರೋ ಕಂಪನಿ ಇನ್ನೂ ಚಿಕ್ಕದಾದ ಪ್ಲಾಸ್ಟಿಕ್ಕಿನ ಗೊಂಬೆಗಳನ್ನು ಮಾಡಿತು. ಅವುಗಳೊಳಗೆ ಸ್ಪ್ರಿಂಗು, ಒಬ್ಬೊಬ್ಬ ಮಲ್ಲನಿಗೆ ಒಂದೊಂದು ಪಟ್ಟು.

೧೯೮೭ರ ಮಾರ್ಚ್ ೨೯ರಂದು ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಹಲ್ಕ್ ಹೋಗನ್ ಭೀಮಕಾಯದ ಆಂಡ್ರೆಯನ್ನು ಎತ್ತಿ ಕೆಡವಿದ. ಆ ಫಲಿತಾಂಶವನ್ನು ಹೋಗನ್ನನಾಗಲಿ ಆಂಡ್ರೆಯಾಗಲಿ ತನ್ನ ಇಚ್ಛೆಯಂತೆ ಬದಲಿಸುವಂತಿರಲಿಲ್ಲ. ಆದರೆ ಮನೆಯ ಜಮಖಾನದ ಮೇಲೆ ಅದೇ ಕಾಳಗ ಮರುದಿನ ಮತ್ತೆ ನಡೆದಾಗ, ಆಂಡ್ರೆಯೇ ಗೆಲ್ಲಲೆಂದು ಒಂದು ಮಗು ತೀರ್ಮಾನಿಸಬಹುದಾಗಿತ್ತು. ದೊಡ್ಡವರು ಬರೆದ ಕತೆಯನ್ನು ಮಗು ತನಗೆ ಬೇಕಾದಂತೆ ತಿದ್ದುತ್ತಿತ್ತು. ಹಂಬಲದ ಬೇರು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಕುಸ್ತಿ ನಿಜವಲ್ಲವೆಂಬ ಅರಿವು ಮುಂದೆ ಬಂದರೂ ಆ ಆಟದ ನೆನಪು ಕೆಡದಿರುವುದು ಇದರಿಂದಲೇ. ಮಗು ತಾನೇ ಕಟ್ಟಿದ ಕತೆಯಲ್ಲಿ ಯಾರೂ ಅದನ್ನು ವಂಚಿಸಿರಲಿಲ್ಲ.

ನಮ್ಮ ನಾಡಿಗೂ ಈ ಮೋಹ ಹೊಸದಲ್ಲ. ದಾರಾಸಿಂಗ್, ಕಿಂಗ್‌ಕಾಂಗರ ಹೆಸರು ಕೇಳಿ ಬೆಳೆದ ಹಿರಿಯರು ಇದ್ದಾರೆ. ೧೯೯೦ರ ದಶಕದಲ್ಲಿ ಕೇಬಲ್ ದೂರದರ್ಶನದೊಡನೆ ಅಮೆರಿಕದ ಮಲ್ಲರು ಬಂದಾಗ, ನಮ್ಮ ಊರುಗಳ ಹುಡುಗರ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಗೊಂಬೆಗಳಲ್ಲ, ಟ್ರಂಪ್ ಕಾರ್ಡುಗಳು. ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಕಾಳಗಗಳ ಲೆಕ್ಕ ಎಲ್ಲವೂ ಅವುಗಳ ಮೇಲೆ ಅಚ್ಚಾಗಿರುತ್ತಿತ್ತು. ಹೆಚ್ಚಿನ ಅಂಕಿಯುಳ್ಳವನು ಎದುರಾಳಿಯ ಕಾರ್ಡನ್ನು ಗೆದ್ದುಕೊಳ್ಳುತ್ತಿದ್ದ.

ಆ ಅಂಕಿಗಳ ಹಿಂದಿದ್ದ ಶರೀರಗಳ ಗತಿ ಬೇರೆ. ಮಕ್ಕಳು ಬೆರಗಾಗಿ ನೋಡಿದ ಆಂಡ್ರೆಯ ಗಾತ್ರ ಒಂದು ರೋಗದ ಫಲ. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸ್ರವಿಸುವ ಆ ವ್ಯಾಧಿಯಿಂದ ನರಳಿದ ಆತ ೧೯೯೩ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ ತೀರಿಕೊಂಡ. ರ‍್ಯಾಂಡಿ ಸ್ಯಾವೇಜ್ ೨೦೧೧ರಲ್ಲಿ ಐವತ್ತೆಂಟಕ್ಕೆ, ಅಲ್ಟಿಮೇಟ್ ವಾರಿಯರ್ ೨೦೧೪ರಲ್ಲಿ ಐವತ್ತನಾಲ್ಕಕ್ಕೆ ಕಣ್ಮುಚ್ಚಿದರು. ಪ್ರಾರ್ಥನೆ ಮಾಡಿ, ವಿಟಮಿನ್ ಸೇವಿಸಿ ಎಂದು ಮಕ್ಕಳಿಗೆ ಬೋಧಿಸುತ್ತಿದ್ದ ಹೋಗನ್, ತಾನು ಸ್ಟೆರಾಯ್ಡ್ ಸೇವಿಸುತ್ತಿದ್ದೆನೆಂದು ೧೯೯೪ರಲ್ಲಿ ನ್ಯಾಯಾಲಯದಲ್ಲಿ ನುಡಿಯಬೇಕಾಯಿತು. ೨೦೨೫ರ ಜುಲೈಯಲ್ಲಿ ಆತನೂ ಹೋದ. ಸೋಲು ಗೆಲುವುಗಳು ನಟನೆಯಾಗಿದ್ದರೂ ಬಿದ್ದ ಪೆಟ್ಟು, ನುಂಗಿದ ಮದ್ದು ನಟನೆಯಾಗಿರಲಿಲ್ಲ.

ಹಂಬಲವನ್ನು ವ್ಯಾಪಾರಿಗಳೂ ಬಲ್ಲರು. ಮ್ಯಾಟೆಲ್ ಕಂಪನಿ ೨೦೧೭ರಿಂದ ಹ್ಯಾಸ್‌ಬ್ರೋ ಗೊಂಬೆಗಳದೇ ಮಾದರಿಯಲ್ಲಿ ಹೊಸ ಗೊಂಬೆಗಳನ್ನು ತಂದಿತು. ಸಂಗ್ರಾಹಕರ ಪೇಟೆಯಲ್ಲಂತೂ ಒಂದು ವಿಚಿತ್ರ ನ್ಯಾಯವಿದೆ. ಪೊಟ್ಟಣ ಒಡೆಯದ, ಅಂದರೆ ಯಾವ ಮಗುವೂ ಮುಟ್ಟಿ ಆಡದ ಹಳೆಯ ಗೊಂಬೆಗೆ ಬೆಲೆ ಹೆಚ್ಚು. ಬಣ್ಣ ಸವೆದುದಕ್ಕೆ ಕಡಿಮೆ. ಆದರೆ ನೆನಪು ಉಳಿದಿರುವುದು ಸವೆದ ಗೊಂಬೆಯಲ್ಲಿ. ಅದನ್ನು ಕೈಗೆತ್ತಿಕೊಂಡವನಿಗೆ ತನ್ನ ಬಾಲ್ಯದ ಆಟ ಎಷ್ಟು ನೆನಪಾಗುತ್ತದೆಯೋ, ಆ ಆಟಕ್ಕೆ ಮೈಯೊಡ್ಡಿದ ಮನುಷ್ಯರೂ ಅಷ್ಟೇ ನೆನಪಾಗಲಿ. ಅವರ ತಪ್ಪುಗಳನ್ನು ಮರೆಯದೆ, ಅವರು ಕೊಟ್ಟ ಸಂತೋಷವನ್ನು ಅಲ್ಲಗಳೆಯದೆ ಸ್ಮರಿಸುವುದು ವಯಸ್ಕನಿಗೆ ಸಾಧ್ಯವಾಗಬೇಕು.