ಹಿಂದಿನ ಗಾಲಿಗೆ ಒಂದು ಅಂಕಿ ಸಾಲದು

‘ಅಣ್ಣಾರ, 26ರ ಹಿಂದಿನ ಗಾಲಿ ಐತೇನ್ರಿ?’

ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಯಾವ ಸೈಕಲ್ ಅಂಗಡಿಯಲ್ಲೂ ಗಾಲಿ ಕೇಳುವ ರೀತಿ ಇದೇ. 26 ಎಂಬುದು ಗಾಲಿಯ ಎತ್ತರದ ಅಂಕಿ. ಆ ಗಾಲಿ ಫ್ರೇಮಿನ ಹಿಂದಿನ ಎರಡು ಕವಲುಗಳ ನಡುವೆ ಕೂಡುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಹಬ್ಬಿನ ಅಗಲ, ಅಂದರೆ ಆಕ್ಸಲ್ಲಿನ ಮೇಲೆ ಎಡಬಲದ ಒಳನಟ್ಟುಗಳ ಹೊರಮೈಗಳ ನಡುವಿನ ಅಂತರ. ಇಂದು ಓಡಾಡುತ್ತಿರುವ ಸೈಕಲ್ಲುಗಳಲ್ಲಿ ಈ ಅಂತರ ಸಾಮಾನ್ಯವಾಗಿ 110 ಮಿ.ಮೀ. ಆಸುಪಾಸಿನಿಂದ 148 ಮಿ.ಮೀ.ವರೆಗೆ ಇದೆ. ವ್ಯತ್ಯಾಸ 38 ಮಿ.ಮೀ., ಅಂದರೆ ಒಂದೂವರೆ ಇಂಚು.

26 ಎಂಬ ಅಂಕಿಯೂ ಗಟ್ಟಿಯಲ್ಲ. ಹೆಣ್ಣುಮಕ್ಕಳ ಸೈಕಲ್ಲಿನಲ್ಲಿ ಕಾಣುವ 26 × 1 3/8 ಟೈರು ಕೂಡುವ ರಿಮ್ಮಿನ ವ್ಯಾಸ 590 ಮಿ.ಮೀ. ಮೌಂಟೇನ್ ಸೈಕಲ್ಲಿನ 26ರ ರಿಮ್ಮಿನದು 559 ಮಿ.ಮೀ. ಕರೆಯುವ ಹೆಸರು ಒಂದೇ ಆದರೂ ನಡುವೆ 31 ಮಿ.ಮೀ. ಅಂತರ.

ಯಾವ ಸೈಕಲ್ಲಿಗೆ ಎಷ್ಟು

ಗದಗ ಜಿಲ್ಲೆಯ ಸೈಕಲ್ ಮಿಸ್ತ್ರಿಯ ಮುಂದೆ ಬರುವಷ್ಟು ಬಗೆಯ ಗಾಲಿಗಳು ಬಹಳ ಕಡೆ ಬರಲಿಕ್ಕಿಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ ಹೊರುವ ಕರಿ ಸೈಕಲ್ಲು ಇನ್ನೂ ಇದೆ. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳಿವೆ. ಕೋವಿಡ್ ಕಾಲದಲ್ಲಿ ವಿತರಣೆ ನಿಂತ ಮೇಲೆ ಅವು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ದಾಟುತ್ತಿವೆ. ಮೇಲಾಗಿ ವಿಜಯಪುರ, ಬಾಗಲಕೋಟೆಗಳ ಜೊತೆ ಗದಗವೂ ರಾಜ್ಯಕ್ಕೆ ಸೈಕಲ್ ಓಟಗಾರರನ್ನು ಕೊಟ್ಟ ಜಿಲ್ಲೆ. ಹಾಗಾಗಿ ರೇಸ್ ಸೈಕಲ್ಲು, ಮೌಂಟೇನ್ ಸೈಕಲ್ಲುಗಳೂ ಇಲ್ಲಿ ಹೊಸವಲ್ಲ.

ಹಿಂದಿನ ಹಬ್ಬಿನ ಅಗಲ, ಮಿ.ಮೀ.ಗಳಲ್ಲಿ:

110 ಆಸುಪಾಸು: ಗೇರಿಲ್ಲದ ಕರಿ ಸೈಕಲ್ಲು
120: ಟ್ರ್ಯಾಕ್ ರೇಸ್ ಸೈಕಲ್ಲು, ಹಳೆಯ 5 ಗೇರಿನ ಸೈಕಲ್ಲು
126: 6 ಮತ್ತು 7 ಗೇರಿನ ಹಳೆಯ ರೇಸ್ ಸೈಕಲ್ಲು
130: ರಿಮ್ ಬ್ರೇಕಿನ, 8ರಿಂದ 11 ಗೇರಿನ ರೋಡ್ ಸೈಕಲ್ಲು
135: ಮೌಂಟೇನ್ ಸೈಕಲ್ಲು
142: 12 ಮಿ.ಮೀ. ದಪ್ಪದ ಆಕ್ಸಲ್ ತೂರಿಸುವ ಡಿಸ್ಕ್ ಬ್ರೇಕ್ ಸೈಕಲ್ಲು
148: ಈಚಿನ ದುಬಾರಿ ಮೌಂಟೇನ್ ಸೈಕಲ್ಲು

ಮೊದಲ ಐದರಲ್ಲಿ ಆಕ್ಸಲ್ಲು ಫ್ರೇಮಿನ ತೆರೆದ ಕಚ್ಚಿನಲ್ಲಿ ಕೂಡುತ್ತದೆ. ಕೊನೆಯ ಎರಡರಲ್ಲಿ ಕಚ್ಚು ಇಲ್ಲ, ಮುಚ್ಚಿದ ತೂತು ಇದೆ. ಇವೆರಡು ಗುಂಪುಗಳ ನಡುವೆ ಗಾಲಿ ಅದಲು ಬದಲು ಮಾಡುವ ಸಾಹಸ ಬೇಡ. ಒಂದೇ ಗುಂಪಿನೊಳಗಾದರೆ ಲೆಕ್ಕ ಹಾಕಿ ಹೊಂದಿಸಬಹುದು.

4 ಮಿ.ಮೀ. ತುಂಬುವ ಲೆಕ್ಕ

ಫ್ರೇಮ್ 130, ಕೈಯಲ್ಲಿರುವ ಗಾಲಿ 126 ಎಂದಿಟ್ಟುಕೊಳ್ಳಿ. ಕೊರತೆ 4 ಮಿ.ಮೀ. ನಟ್ಟು ಬಿಗಿದು ಕವಲುಗಳನ್ನೇ ಒಳಕ್ಕೆ ಎಳೆದುಕೊಂಡರೆ ಆಯಿತು ಎಂದು ಕೆಲವರು ಬಿಡುತ್ತಾರೆ. ಗಾಲಿ ತಿರುಗುತ್ತದೆ ನಿಜ, ಆದರೆ ಆಕ್ಸಲ್ಲು ದಿನವೂ ಬಾಗುವ ಒತ್ತಡ ತಿನ್ನುತ್ತದೆ. ಸರಿಯಾದ ದಾರಿ ವಾಷರ್ ತುಂಬುವುದು.

ಎಡಕ್ಕೆ 2, ಬಲಕ್ಕೆ 2 ಮಿ.ಮೀ. ವಾಷರ್ ಹಾಕಿದರೆ ರಿಮ್ ನಡುವಿನಲ್ಲೇ ಉಳಿಯುತ್ತದೆ. ಒಂದು ಕಡ್ಡಿಯನ್ನೂ ಮುಟ್ಟಬೇಕಿಲ್ಲ. ಬಲಗಡೆಯ ಫ್ರೀವೀಲು ಫ್ರೇಮಿನಿಂದ 2 ಮಿ.ಮೀ. ಒಳಸರಿಯುತ್ತದೆ. ಗೇರ್ ಸೈಕಲ್ಲಾದರೆ ಗೇರ್ ತಿದ್ದುವ ಸ್ಕ್ರೂ ಹೊಂದಿಸಿಕೊಂಡರೆ ಸಾಕು.

4 ಮಿ.ಮೀ. ಪೂರ್ತಿ ಎಡಕ್ಕೇ ಹಾಕಿದರೆ ರಿಮ್ ಫ್ರೇಮಿನ ನಡುಗೆರೆಯಿಂದ 2 ಮಿ.ಮೀ. ಬಲಕ್ಕೆ ನಿಲ್ಲುತ್ತದೆ. ಯಾವ ಕಡೆ ಎಷ್ಟು ತುಂಬಿದರೂ ರಿಮ್ ಸರಿಯುವುದು ಅದರ ಅರ್ಧ. ಈ 2 ಮಿ.ಮೀ. ತಿದ್ದಲು ಕಡ್ಡಿಗಳನ್ನು ಎಷ್ಟು ತಿರುವಬೇಕು? 2 ಮಿ.ಮೀ. ದಪ್ಪದ ಕಡ್ಡಿಗೆ ಇಂಚಿಗೆ 56 ಮರೆ (ಥ್ರೆಡ್) ಇರುತ್ತವೆ. ನಿಪ್ಪಲ್ ಒಂದು ಸುತ್ತು ತಿರುಗಿದರೆ ಕಡ್ಡಿ 0.45 ಮಿ.ಮೀ. ಎಳೆಯುತ್ತದೆ. ಕಡ್ಡಿಯ ಉದ್ದ ಸುಮಾರು 290 ಮಿ.ಮೀ., ಹಬ್ಬಿನ ತಟ್ಟೆ ನಡುವಿನಿಂದ ಸುಮಾರು 35 ಮಿ.ಮೀ. ದೂರ ಇದ್ದರೆ, ರಿಮ್ 2 ಮಿ.ಮೀ. ಸರಿಯಲು ಬೇಕಾದ ಎಳೆತ 0.24 ಮಿ.ಮೀ. ಅಂದರೆ ಹೆಚ್ಚುಕಡಿಮೆ ಅರ್ಧ ಸುತ್ತು. 36 ಕಡ್ಡಿಯ ಗಾಲಿಯಲ್ಲಿ ಬಲಗಡೆಯ 18ಕ್ಕೆ ಅರ್ಧ ಸುತ್ತು ಸಡಿಲ, ಎಡಗಡೆಯ 18ಕ್ಕೆ ಅರ್ಧ ಸುತ್ತು ಬಿಗಿ. ಗೇರ್ ಗಾಲಿಯಲ್ಲಿ ಎಡಗಡೆಯ ಕಡ್ಡಿಗಳು ಮೊದಲೇ ಸಡಿಲ ಇರುತ್ತವೆ. ಹಾಗಾಗಿ ಈ ತಿದ್ದುವಿಕೆಯಿಂದ ಗಾಲಿ ಮೊದಲಿಗಿಂತ ಗಟ್ಟಿಯಾಗುತ್ತದೆ.

ಫ್ರೇಮ್ ಅಗಲಿಸುವ ಲೆಕ್ಕ

ಹಬ್ಬು ಅಗಲ, ಫ್ರೇಮ್ ಇಕ್ಕಟ್ಟು ಎಂದಾದರೆ ಮೊದಲ ಪ್ರಶ್ನೆ ಲೋಹದ್ದು. ಅಯಸ್ಕಾಂತ ಹಿಡಿದರೆ ಉಕ್ಕು, ಹಿಡಿಯದಿದ್ದರೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಫ್ರೇಮನ್ನು ಒಂದು ಮಿಲಿಮೀಟರೂ ಬಗ್ಗಿಸಕೂಡದು. ಅದು ಇಂದು ತಡೆದುಕೊಂಡರೂ ನಾಳೆ ಬೆಸುಗೆಯ ಬಳಿ ಸೀಳುತ್ತದೆ.

ಉಕ್ಕಿನದಾದರೆ 126ಕ್ಕೆ 130 ಕೂಡಿಸುವುದು ಕಷ್ಟವಲ್ಲ. ಒಂದೊಂದು ಬದಿಗೆ 2 ಮಿ.ಮೀ. ಕೈಯಿಂದ ಅಗಲಿಸಿದರೆ ಗಾಲಿ ಒಳಸೇರುತ್ತದೆ. 126ಕ್ಕೆ 135 ಎಂದರೆ ಒಂದೊಂದು ಬದಿಗೆ 4.5 ಮಿ.ಮೀ. ಆಗ ಕವಲುಗಳನ್ನು ಕಾಯಿಸದೆ, ನಿಧಾನವಾಗಿ, ಶಾಶ್ವತವಾಗಿ ಬಗ್ಗಿಸಬೇಕು. ಎರಡೂ ಬದಿ ಸಮನಾಗಿ ಬಗ್ಗಿವೆಯೇ ಎಂದು ನೋಡಲು ಒಂದು ದಾರ ಸಾಕು. ಒಂದು ಕಚ್ಚಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯ ಮುಂದಿನಿಂದ ಸುತ್ತಿಸಿ ಇನ್ನೊಂದು ಕಚ್ಚಿಗೆ ಬಿಗಿಯಿರಿ. ಸೀಟಿನ ಕೊಳವೆಯಿಂದ ದಾರಕ್ಕೆ ಎಡಕ್ಕೂ ಬಲಕ್ಕೂ ಅಷ್ಟೇ ಅಂತರ ಇರಬೇಕು.

ಇಲ್ಲಿ ಅವಸರ ಮಾಡುವವರು ಮರೆಯುವ ಅಂಕಿ ಒಂದಿದೆ. 430 ಮಿ.ಮೀ. ಉದ್ದದ ಕವಲು 4.5 ಮಿ.ಮೀ. ಹೊರಕ್ಕೆ ಹೋದರೆ ಕಚ್ಚು 0.6 ಡಿಗ್ರಿ ತಿರುಗುತ್ತದೆ. ಎರಡೂ ಬದಿ ಸೇರಿ 1.2 ಡಿಗ್ರಿ. ಕಚ್ಚುಗಳು ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ನಟ್ಟು ಬಿಗಿದಾಗಲೆಲ್ಲ ಆಕ್ಸಲ್ಲು ಬಾಗುತ್ತದೆ. ಮೇಲಿಂದ ಮೇಲೆ ಆಕ್ಸಲ್ಲು ಮುರಿಯುವ ಸೈಕಲ್ಲಿನಲ್ಲಿ ಮೊದಲು ನೋಡಬೇಕಾದ್ದು ಕಚ್ಚುಗಳನ್ನು.

ಆಕ್ಸಲ್ಲಿನ ಉದ್ದ, ಆಕ್ಸಲ್ಲಿನ ಮರೆ

ಅಗಲ ಹೆಚ್ಚಿಸಿದಾಗ ಆಕ್ಸಲ್ಲು ಗಿಡ್ಡ ಬೀಳುತ್ತದೆ. ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚುವ ಟೊಳ್ಳು ಆಕ್ಸಲ್ಲಿಗೆ ಹಬ್ಬಿನ ಅಗಲಕ್ಕಿಂತ 11 ಮಿ.ಮೀ. ಹೆಚ್ಚು ಉದ್ದ ಬೇಕು: 126ಕ್ಕೆ 137, 130ಕ್ಕೆ 141, 135ಕ್ಕೆ 146. ನಟ್ಟಿನ ಆಕ್ಸಲ್ಲಿಗೆ ಇನ್ನೂ ಉದ್ದ ಬೇಕು. ನಮ್ಮ ಕಡೆ ಕ್ಯಾರಿಯರು, ಸ್ಟ್ಯಾಂಡು ಎರಡನ್ನೂ ಹಿಂದಿನ ಆಕ್ಸಲ್ಲಿಗೇ ಬಿಗಿಯುವುದರಿಂದ ಲೆಕ್ಕ ಬೇರೆಯೇ ಆಗುತ್ತದೆ. ಕಚ್ಚಿನ ದಪ್ಪ 5, ಕ್ಯಾರಿಯರು ಮತ್ತು ಸ್ಟ್ಯಾಂಡಿನ ಪಟ್ಟಿಗಳಿಗೆ 5, ನಟ್ಟಿಗೆ 9 ಎಂದು ಹಿಡಿದರೆ ಒಂದು ಬದಿಗೆ 19, ಎರಡು ಬದಿಗೆ 38 ಮಿ.ಮೀ. 110ರ ಹಬ್ಬಿಗೆ 148 ಮಿ.ಮೀ. ಆಕ್ಸಲ್ಲು. ನಟ್ಟು ಅರ್ಧ ಮರೆಯ ಮೇಲೆ ನಿಂತರೆ ಹೊರೆ ಹೇರಿದ ದಿನ ಅದು ಕಳಚುತ್ತದೆ.

ಮರೆಯೂ ಎರಡು ಜಾತಿ. ಹಳೆಯದು 3/8 ಇಂಚು, ಇಂಚಿಗೆ 26 ಮರೆ, ದಪ್ಪ 9.5 ಮಿ.ಮೀ. ಇನ್ನೊಂದು 10 ಮಿ.ಮೀ. ದಪ್ಪ, ಮರೆಯಿಂದ ಮರೆಗೆ 1 ಮಿ.ಮೀ. ಕಣ್ಣಿಗೆ ಒಂದೇ ಕಾಣುವ ಇವುಗಳ ನಡುವೆ ಅರ್ಧ ಮಿ.ಮೀ. ವ್ಯತ್ಯಾಸವಿದೆ. ಒಂದರ ನಟ್ಟು, ಕೋನುಗಳನ್ನು ಇನ್ನೊಂದಕ್ಕೆ ಹಾಕಿದರೆ ಮರೆ ಸವೆದು ಜಾರುತ್ತದೆ.

ಹಣದ ಲೆಕ್ಕ

ಬಿಡಿಭಾಗದ ದರ ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ, ಬೇಕಾಗುವ ಭಾಗಗಳ ಎಣಿಕೆ ಎಲ್ಲೂ ಬದಲಾಗದು. ವಾಷರ್ ತುಂಬುವ ಕೆಲಸಕ್ಕೆ ವಾಷರು, ಗ್ರೀಸು ಮತ್ತು ಎರಡು ಬದಿಗೆ 9ರಂತೆ ಕಾಲಿಂಚಿನ 18 ಗುಂಡು. ಆಕ್ಸಲ್ ಬದಲಿಸುವುದಾದರೆ ಇದರ ಮೇಲೆ 1 ಆಕ್ಸಲ್ಲು, 2 ಕೋನು, 4 ನಟ್ಟು. ಗಾಲಿಯನ್ನೇ ಹೊಸದಾಗಿ ಕಟ್ಟುವುದಾದರೆ 1 ಹಬ್ಬು, 1 ರಿಮ್ಮು, 36 ಕಡ್ಡಿ, 36 ನಿಪ್ಪಲ್. ಕರಿ ಸೈಕಲ್ಲಿನ ಹಿಂಗಾಲಿಯಾದರೆ ಕಡ್ಡಿ 40. 40 ತೂತಿನ ರಿಮ್ಮಿಗೆ 36 ತೂತಿನ ಹಬ್ಬು ನಡೆಯದು.

ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪ್ರತಿಶತಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ 1,000 ರೂಪಾಯಿ ಎಂದಿಟ್ಟುಕೊಂಡರೆ ಗಾಲಿಯೊಂದರ ಮೇಲೆ ಉಳಿತಾಯ 70 ರೂಪಾಯಿ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿ.ಮೀ., ಲಕ್ಷ್ಮೇಶ್ವರದಿಂದಲೂ ಹೆಚ್ಚುಕಡಿಮೆ ಅಷ್ಟೇ. ತಪ್ಪು ಅಗಲದ ಗಾಲಿ ಒಯ್ದವರು ಅದನ್ನು ಮರಳಿಸಲು 80 ಕಿ.ಮೀ. ತಿರುಗಬೇಕು, ಒಂದು ದಿನದ ಕೂಲಿ ಬಿಡಬೇಕು. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ತೆರಿಗೆಯಲ್ಲಿ ಉಳಿದದ್ದರ ಐದು ಪಟ್ಟಿಗೂ ಹೆಚ್ಚು ಹಣ ಅಳತೆ ಮಾಡದ ಒಂದೇ ತಪ್ಪಿನಲ್ಲಿ ಹೋಗುತ್ತದೆ.

ಈ ನಷ್ಟ ತಪ್ಪಿಸಲು ಬೇಕಾದ ಉಪಕರಣ ಶಾಲಾ ಮಕ್ಕಳ ಪಾಟಿಚೀಲದಲ್ಲಿದೆ. ಗಾಲಿ ಬಿಚ್ಚಿ, ಎರಡು ಕಚ್ಚುಗಳ ಒಳಮೈಗಳ ನಡುವೆ ಸ್ಕೇಲ್ ಹಿಡಿದರೆ ಫ್ರೇಮಿನ ಅಂಕಿ ಸಿಗುತ್ತದೆ. ಸ್ಕೇಲಿನ ತುದಿ ಸೊನ್ನೆಯಿಂದ ಶುರುವಾಗದಿದ್ದರೆ 1 ಸೆಂ.ಮೀ. ಗೆರೆಯಿಂದ ಹಿಡಿದು, ಬಂದದ್ದರಲ್ಲಿ 10 ಮಿ.ಮೀ. ಕಳೆಯಿರಿ.

ಬೆಟಗೇರಿಯ ನೇಕಾರರು ಹಾಸಿನ ಎಳೆ ಎಣಿಸದೆ ಮಗ್ಗ ಹೂಡುವುದಿಲ್ಲ. ಅದೇ ಊರಿನ ಸೈಕಲ್ ಅಂಗಡಿಗೂ ಆ ಶಿಸ್ತು ಬರಬೇಕು. ಗಾಲಿ ಮಾರಿದವರು ಬಿಲ್ಲಿನ ಹಿಂದೆ ನಾಲ್ಕು ಅಂಕಿ ಬರೆದುಕೊಡಲಿ: ರಿಮ್ಮಿನ ವ್ಯಾಸ, ಹಬ್ಬಿನ ಅಗಲ, ಆಕ್ಸಲ್ಲಿನ ದಪ್ಪ, ಕಡ್ಡಿಗಳ ಸಂಖ್ಯೆ. ಹಳ್ಳಿಯ ಮಿಸ್ತ್ರಿ ರಿಪೇರಿ ಮುಗಿದ ಮೇಲೆ ಅವನ್ನೇ ಸೀಟಿನ ಕೆಳಗೆ ಪೇಂಟಿನಲ್ಲಿ ಬರೆಯಲಿ. ಐದು ವರ್ಷದ ನಂತರ ಆ ಸೈಕಲ್ಲು ಇನ್ನೊಬ್ಬರ ಕೈ ಸೇರಿದಾಗ, ಗಾಲಿ ತರಲು ಗದಗದ ಬಸ್ಸು ಹತ್ತುವವರು ಆ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು.