ನಿಮಗಿದು ಗೊತ್ತೇ? ಕಂಪ್ಯೂಟರ್ ಚಾಲೂ ಆಗುವಾಗಿನ ಕೀಬೋರ್ಡ್ ವಿಚಿತ್ರಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಊರಿನ ಡಿಟಿಪಿ ಅಂಗಡಿಯಲ್ಲಾದರೂ ಸರಿ, ಹಳೆಯ ಸಿಪಿಯು ಕಂಡರೆ ಅದರ ಹಿಂಬದಿ ಬಗ್ಗಿ ನೋಡಿ. ಎರಡು ದುಂಡು ಪೋರ್ಟ್ ಕಂಡಾವು! ನೇರಳೆಯದು ಕೀಬೋರ್ಡ್‌ಗೆ, ಹಸಿರಿನದು ಮೌಸ್‌ಗೆ. ಇವೇ ಪಿಎಸ್/2. ಐಬಿಎಂ 1987ರಲ್ಲಿ ತಂದ ಪಿಎಸ್/2 ಕಂಪ್ಯೂಟರ್ ಎಂದೋ ಮರೆಯಾಯಿತು. ಅದರ ಪೋರ್ಟ್ ಮಾತ್ರ ದಶಕಗಟ್ಟಲೆ ಬಾಳಿತು!

ಕೀಬೋರ್ಡ್ ಸಿಕ್ಕಿಸದೆ ಹಳೆಯ ಕಂಪ್ಯೂಟರ್ ಚಾಲೂ ಮಾಡಿದರೆ ಏನಾಗುತ್ತಿತ್ತು ಗೊತ್ತೇ? ‘ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ’ ಎಂದು ಪರದೆಯ ಮೇಲೆ ಬರುತ್ತಿತ್ತು. ಇಲ್ಲದ ಕೀಬೋರ್ಡಿನ ಕೀ ಒತ್ತುವುದು ಹೇಗೆ ಹೇಳಿ!

1996ರಲ್ಲಿ ಯುಎಸ್‌ಬಿ ಬಂತು. ಆದರೆ ಹಳೆಯ ತಂತ್ರಾಂಶಗಳಿಗೆ ಅದರ ಪರಿಚಯವೇ ಇರಲಿಲ್ಲ. ಅದಕ್ಕೆ ಬಯಾಸ್, ಅಂದರೆ ಕಂಪ್ಯೂಟರ್ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶ, ಒಂದು ವೇಷ ಕಟ್ಟಿತು. ಯುಎಸ್‌ಬಿ ಕೀಬೋರ್ಡನ್ನೇ ಪಿಎಸ್/2 ಎಂದು ತೋರಿಸಿ ನಂಬಿಸಿಬಿಟ್ಟಿತು! ಈ ಉಪಾಯದ ಹೆಸರು ‘ಯುಎಸ್‌ಬಿ ಲೆಗಸಿ ಸಪೋರ್ಟ್’.

ಯುಎಸ್‌ಬಿ ಕೀಬೋರ್ಡ್‌ಗೆ ಬಯಾಸ್ ಜೊತೆ ಮಾತಾಡಲು ಒಂದು ಸರಳ ಭಾಷೆಯೂ ಇದೆ. ಒಂದು ಸಲಕ್ಕೆ ಬರೀ 8 ಬೈಟ್! ಶಿಫ್ಟ್, ಕಂಟ್ರೋಲ್‌ನಂಥವನ್ನು ಬಿಟ್ಟರೆ ಒಟ್ಟಿಗೆ 6 ಕೀ ಒತ್ತಿದ್ದಷ್ಟೇ ಲೆಕ್ಕಕ್ಕೆ.

2015ರ ಇಂಟೆಲ್ ಸ್ಕೈಲೇಕ್ ಕಂಪ್ಯೂಟರಿಗೆ ವಿಂಡೋಸ್ 7 ಹಾಕಲು ಹೋದವರು ಕಂಗಾಲು! ಬಯಾಸ್‌ನಲ್ಲಿ ಚೆನ್ನಾಗಿ ನಡೆದ ಯುಎಸ್‌ಬಿ ಕೀಬೋರ್ಡ್ ಇನ್‌ಸ್ಟಾಲ್ ಶುರುವಾದೊಡನೆ ಗಪ್‌ಚಿಪ್. ಹೊಸ ಯುಎಸ್‌ಬಿಗೆ ಬೇಕಾದ ಡ್ರೈವರ್ ವಿಂಡೋಸ್ 7ರಲ್ಲಿ ಇರಲಿಲ್ಲ. ಆಗ ಕೈಹಿಡಿದದ್ದು ಯಾರು? ಅದೇ ಹಳೆಯ ನೇರಳೆ ಪೋರ್ಟ್!

ವೈರ್‌ಲೆಸ್ ಕೀಬೋರ್ಡ್‌ಗಳಲ್ಲೂ ಭೇದವಿದೆ. ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವುದು ಸಾಮಾನ್ಯವಾಗಿ ಬಯಾಸ್‌ನಲ್ಲೂ ಓಡುತ್ತದೆ. ಬ್ಲೂಟೂತ್‌ನದು ಹೆಚ್ಚಾಗಿ ವಿಂಡೋಸ್ ಬರುವವರೆಗೂ ಮೂಕ!

ಪಿಎಸ್/2 ಸತ್ತೇ ಹೋಯಿತು ಎಂದುಕೊಂಡಿರಾ? ಎಷ್ಟೋ ಲ್ಯಾಪ್‌ಟಾಪ್‌ಗಳ ಕೀಬೋರ್ಡ್ ಒಳಗೊಳಗೇ ಇಂದಿಗೂ ಪಿಎಸ್/2 ಕೀಬೋರ್ಡಿನಂತೆಯೇ ಕೆಲಸ ಮಾಡುತ್ತದೆ! ಪೋರ್ಟ್ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ಸೋಜಿಗ! ಕೀಬೋರ್ಡ್ ಕಳಿಸುವುದು ಅಕ್ಷರವನ್ನಲ್ಲ, ಒತ್ತಿದ ಕೀಯ ಸಂಕೇತ ಸಂಖ್ಯೆಯನ್ನು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯಲ್ಲಿ ಬಳಸುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ‘ಕೆ’ ಕೀ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ. ಆದರೆ ವಿಂಡೋಸ್ ತೆರೆದು ನುಡಿ ಶುರುವಾಗುವವರೆಗೆ ಅದೇ ಕೀಗೆ ಕನ್ನಡದ ಗಂಧಗಾಳಿಯೇ ಇರುವುದಿಲ್ಲ! ಕನ್ನಡ ಮೂಡುವುದು ತಂತ್ರಾಂಶದಲ್ಲಿ. ಹಾಗಾಗಿ ಪಿಎಸ್/2 ಕೀಬೋರ್ಡ್ ಹೋಗಿ ಯುಎಸ್‌ಬಿಯದು ಬಂದರೂ ಟೈಪ್ ಮಾಡುವ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ!