ಅನಾನಸಿನ ಬಳಗದ ಹೂಗಿಡಗಳು

ಪಯಸ್ವಿನಿಯ ದಡದಲ್ಲಿರುವ ಕಲ್ಲುಗುಂಡಿಯ ಕಡೆಯವರಲ್ಲಿ ಅನಾನಸನ್ನು ಕಾಣದವರಿಲ್ಲ. ಪೋರ್ತುಗೀಜರು 16ನೆಯ ಶತಮಾನದಲ್ಲಿ ನಮ್ಮ ನಾಡಿಗೆ ತಂದ ಆ ಮುಳ್ಳುಗಿಡದ ಬಳಗವೆಲ್ಲವೂ, ಆಫ್ರಿಕಾದ ಒಂದೇ ಒಂದು ಜಾತಿಯ ಹೊರತು, ಅಮೆರಿಕಾ ಖಂಡದ್ದು. ಅದೇ ಬಳಗದ ಹೂಗಿಡಗಳು ಬ್ರೊಮೀಲಿಯಾಡ್ ಎಂಬ ಹೆಸರಿನಿಂದ ಈಗ ಮನೆಗಳ ಜಗಲಿಯನ್ನೇರಿವೆ.

ಇವುಗಳಲ್ಲಿ ಗುಜ್ಮೇನಿಯಾವೇ ಹೆಚ್ಚು ಪರಿಚಿತವಾದುದು. ಅದರ ನಡುವಿನಿಂದೇಳುವ ಕೆಂಪು ಇಲ್ಲವೆ ಹಳದಿಯ ಶಿಖೆಯನ್ನು ಹೂವೆಂದೇ ಎಲ್ಲರೂ ತಿಳಿಯುವುದು. ನಿಜವಾಗಿ ಅವು ಬಣ್ಣಗೊಂಡ ಎಲೆಗಳು. ಹೂವು ಅವುಗಳ ಸಂದಿನಲ್ಲಿ ಅಡಗಿದ್ದು ಬೇಗನೆ ಬಾಡುವುದು, ಎಲೆಗಳ ಬಣ್ಣ ಮಾತ್ರ ತಿಂಗಳುಗಟ್ಟಲೆ ನಿಲ್ಲುವುದು. ವ್ರೀಸಿಯಾದ ಹೂದಂಡವು ಖಡ್ಗದಂತೆ ಚಪ್ಪಟೆ. ಎಕ್ಮಿಯಾ ಫ್ಯಾಸಿಯಾಟಾದ ಎಲೆಗಳ ಮೇಲೆ ವಿಭೂತಿ ಬಳಿದಂತೆ ಬೆಳ್ಳಿಯ ಪಟ್ಟೆಗಳು, ನಡುವೆ ಗುಲಾಬಿ ಬಣ್ಣದ ಗೊಂಚಲು. ಎಲೆಯಂಚಿನಲ್ಲಿ ಮುಳ್ಳಿರುವುದರಿಂದ ಮಕ್ಕಳಾಡುವೆಡೆಯಲ್ಲಿ ಇದನ್ನಿಡಬಾರದು. ನಿಯೊರಿಜೀಲಿಯಾಕ್ಕೆ ನೀಳವಾದ ಹೂದಂಡವೇ ಇಲ್ಲ. ಅದರ ಹಲವು ಬಗೆಗಳಲ್ಲಿ ಹೂಬಿಡುವ ಕಾಲಕ್ಕೆ ನಡುವಿನ ಎಲೆಗಳೇ ಕೆಂಪೇರುವುವು. ಎಲೆಬಟ್ಟಲಿನ ನೀರಿನಿಂದ ಸಣ್ಣ ಹೂಗಳು ತಲೆಯೆತ್ತುವುವು. ನಮ್ಮ ಮನಸ್ಸು ಒಲಿದುದು ಇದಕ್ಕೇ.

ಈ ಗಿಡಗಳು ಒಮ್ಮೆ ಹೂಬಿಟ್ಟ ಬಳಿಕ ಮೆಲ್ಲನೆ ಸಾಯುತ್ತವೆ. ಇದನ್ನರಿಯದೆ ನಮ್ಮ ಮೊದಲನೆಯ ಗುಜ್ಮೇನಿಯಾವನ್ನು, ಒಣಗಿತಲ್ಲಾ ಎಂದು, ಗೊಬ್ಬರದ ಗುಂಡಿಗೆ ಎಸೆದೆವು. ಬಾಳೆ ಬೆಳೆಯುವ ನಮಗೆ ಇಷ್ಟಾದರೂ ಹೊಳೆಯಬೇಕಾಗಿತ್ತು: ಗೊನೆ ಕಡಿದ ಬಾಳೆಯ ಬುಡದಲ್ಲಿ ಕಂದು ಇರುವಂತೆ ಇದರ ಬುಡದಲ್ಲಿಯೂ ಮರಿಗಳೇಳುತ್ತವೆ. ಮರಿಯು ತಾಯಿಯ ಅರ್ಧದಷ್ಟು ಬೆಳೆದಾಗ ಬೇರ್ಪಡಿಸಿ, ತೆಂಗಿನ ನಾರು, ಇದ್ದಲಿನ ಚೂರು ಬೆರೆಸಿದ ಸಡಿಲ ಮಣ್ಣಿನಲ್ಲಿ ನೆಟ್ಟರೆ ಒಂದೆರಡು ವರ್ಷಗಳಲ್ಲಿ, ಕೆಲವೊಮ್ಮೆ ಮೂರನೆಯದರಲ್ಲಿ, ಅದೂ ಹೂಬಿಡುವುದು. ಅಲ್ಲಿಯ ವರೆಗೆ ತಾಳ್ಮೆ ಬೇಕು.

ಅಡಕೆಯ ಸೀಮೆಯಲ್ಲಿ ಇವಕ್ಕೆ ಇನ್ನೊಂದು ಗಂಡಾಂತರವುಂಟು. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತು ಮತ್ತು ಸುಣ್ಣಗಳಿಂದಾದುದು. ಮೈಲುತುತ್ತಿನಲ್ಲಿರುವ ತಾಮ್ರವು ಅಡಕೆಯನ್ನು ಕಾಯುವುದು, ಈ ಗಿಡಗಳಿಗೋ ವಿಷವಾಗುವುದು. ಎಲೆಬಟ್ಟಲಿನಲ್ಲಿ ನೀರು ಹಿಡಿದು ಬಾಳುವ ಗಿಡವಾದುದರಿಂದ ಸೋಗೆಯಿಂದ ತೊಟ್ಟಿಕ್ಕಿದುದೆಲ್ಲ ಅಲ್ಲಿಯೇ ನಿಲ್ಲುವುದು. ಆದುದರಿಂದ ತೋಟಕ್ಕೆ ಮದ್ದು ಬಿಡುವ ದಿನ ಕುಂಡಗಳನ್ನು ಮಾಡಿನಡಿಗೆ ತಂದಿಡಬೇಕು. ಮರಗಳಿಂದ ಹನಿ ಬೀಳುವಷ್ಟು ಕಾಲವೂ ಅಡಕೆಯ ಬುಡಕ್ಕೆ ಮರಳಿ ಒಯ್ಯಬಾರದು.

ಅದೇ ಬಟ್ಟಲಿನಲ್ಲಿ ಸೊಳ್ಳೆಯೂ ಮೊಟ್ಟೆಯಿಡುವುದು. ವಾರಕ್ಕೆರಡಾವರ್ತಿ ಕುಂಡವನ್ನು ಬಗ್ಗಿಸಿ ಹಳೆಯ ನೀರನ್ನು ಚೆಲ್ಲಿ, ಹೊಸ ನೀರನ್ನು ಎರೆಯತಕ್ಕದ್ದು.